ಹುಟ್ಟಿನಿಂದ ಐದು ವರ್ಷದ ಮಕ್ಕಳ ಮಾನಸಿಕ ಆರೋಗ್ಯ ಪರಿಶೀಲನೆ: ತರಬೇತಿ ನಡೆಸಿದವರ ಅನುಭವ ಬೇಕಾಗಿದೆ

ಮನೋವಿಜ್ಞಾನಿ, ತುಮಕೂರು (ಪ್ರಶ್ನೆ)

ನಮಸ್ಕಾರ. ನಮ್ಮ ಜಿಲ್ಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮವಾದ ಆರ್‌ಬಿಎಸ್‌ಕೆ ತಂಡಗಳ ವೈದ್ಯರಿಗೂ ಶುಶ್ರೂಷಕಿಯರಿಗೂ, ಐದು ವರ್ಷದೊಳಗಿನ ಮಕ್ಕಳ ಮಾನಸಿಕ ಆರೋಗ್ಯವನ್ನು ಪರಿಶೀಲಿಸುವ ಬಗ್ಗೆ ತರಬೇತಿ ಕೊಡುವ ಹೊಣೆ ನನಗೆ ಬಂದಿದೆ. ತೂಕ, ಎತ್ತರ, ರಕ್ತಹೀನತೆ, ಯಾವ ತಿಂಗಳಲ್ಲಿ ಮಗು ಕೂರಬೇಕು, ನಡೆಯಬೇಕು ಎಂಬುದನ್ನೆಲ್ಲ ಇವರು ಚೆನ್ನಾಗಿ ಬಲ್ಲರು. ಮಾತು ಬಾರದ ಕೂಸಿನ ಮನಸ್ಸಿನ ವಿಷಯ ಬಂದಾಗ ಮಾತ್ರ ಎಲ್ಲರೂ ಮೊದಲು ಒಂದು ಫಾರಂ ಕೇಳುತ್ತಾರೆ. ಯಾವ ಮಾಪನದಿಂದ ಆರಂಭಿಸಬೇಕು, ತರಗತಿಯಲ್ಲಿ ಎಷ್ಟು ಕಲಿಸಬೇಕು, ಮಕ್ಕಳ ಎದುರಿನಲ್ಲಿ ಎಷ್ಟು ಕಲಿಸಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮಕ್ಕಳ ತಜ್ಞೆ, ಕೋಲಾರ

ಮೇಡಂ, ಫಾರಂ ಕೊಡುವುದನ್ನು ಆದಷ್ಟು ಮುಂದೂಡಿ ಎಂಬುದೇ ನನ್ನ ಸಲಹೆ. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಮನೋವಿಶ್ಲೇಷಕಿ ಎಸ್ತರ್ ಬಿಕ್ 1948ರಲ್ಲಿ ಆರಂಭಿಸಿದ ಪದ್ಧತಿಯಲ್ಲಿ, ಕಲಿಯುವವರು ವಾರಕ್ಕೊಮ್ಮೆ ಒಂದೇ ಮನೆಗೆ ಹೋಗಿ, ಸುಮಾರು ಒಂದು ಗಂಟೆ ಕೂಸನ್ನು ನೋಡುತ್ತ ಕೂರುತ್ತಿದ್ದರು. ಅಲ್ಲಿ ಏನನ್ನೂ ಬರೆದುಕೊಳ್ಳುವಂತಿರಲಿಲ್ಲ, ಹಿಂದಿರುಗಿದ ಮೇಲೆ ಕಂಡದ್ದನ್ನು ಕಂಡಂತೆ ಬರೆದು ಗುಂಪಿನಲ್ಲಿ ಚರ್ಚಿಸಬೇಕಿತ್ತು. ಅದು ಎರಡು ವರ್ಷ ನಡೆಯುವ ಕ್ರಮ. ನಮ್ಮಲ್ಲಿ ಅಷ್ಟು ಬಿಡುವನ್ನು ಯಾರೂ ಕೊಡುವುದಿಲ್ಲ. ಕೆಲವು ವಾರ ಮಾಡಿಸಿದರೂ ಬರವಣಿಗೆ ಬದಲಾಗುವುದನ್ನು ನಾನು ನೋಡಿದ್ದೇನೆ. ‘ತಾಯಿಗೆ ಮಗುವಿನ ಕಡೆ ಗಮನವಿಲ್ಲ’ ಎಂದು ಬರೆಯುತ್ತಿದ್ದವರು, ‘ಮಗು ಕೈಯಾಡಿಸುತ್ತ ತಾಯಿಯ ಮುಖ ನೋಡಿತು, ಅವಳು ನನ್ನೊಡನೆ ಮಾತು ಮುಗಿಸಿ ತಿರುಗುವಷ್ಟರಲ್ಲಿ ಅದು ಬೇರೆ ಕಡೆ ನೋಡುತ್ತಿತ್ತು’ ಎಂದು ಬರೆಯತೊಡಗುತ್ತಾರೆ. ಪರಿಶೀಲನೆಗೆ ಬೇಕಾದದ್ದು ಈ ಎರಡನೆಯ ಬಗೆಯ ವಾಕ್ಯ.

ಇದಾದ ಮೇಲೆ ಎಡಿಬಿಬಿ ಮಾಪನವನ್ನು ಕಲಿಸಬಹುದು. ಫ್ರಾನ್ಸಿನ ಮಕ್ಕಳ ಮನೋವೈದ್ಯ ಆಂಟೊಯ್ನ್ ಗೆಡೆನೆ ರೂಪಿಸಿದ ಇದು, ಎರಡು ತಿಂಗಳಿನಿಂದ ಎರಡು ವರ್ಷದವರೆಗಿನ ಮಕ್ಕಳು ಜನರ ಒಡನಾಟದಿಂದ ಹಿಂದೆ ಸರಿಯುತ್ತಿರುವುದನ್ನು ಗುರುತಿಸಲು ನೆರವಾಗುತ್ತದೆ. ಮುಖಭಾವ, ಕಣ್ಣಿನ ನೋಟ, ಮೈಯ ಚಟುವಟಿಕೆ, ದನಿ, ಪ್ರತಿಕ್ರಿಯೆಯ ಚುರುಕು ಮೊದಲಾದ ಎಂಟು ಅಂಶಗಳಿಗೆ 0ಯಿಂದ 4ರವರೆಗೆ ಅಂಕ ಕೊಡಬೇಕು. ಒಟ್ಟು 5 ಅಥವಾ ಹೆಚ್ಚು ಬಂದರೆ ಮುಂದಿನ ಪರೀಕ್ಷೆ ಅಗತ್ಯ. ಸಾಮಾನ್ಯ ತಪಾಸಣೆಯ ನಡುವೆಯೇ ಮಾಡಬಹುದಾದ್ದರಿಂದ ನಮ್ಮ ವೈದ್ಯರಿಗೆ ಒಗ್ಗುತ್ತದೆ. ಆದರೆ ಗುರುವಾರದ ಲಸಿಕೆಯ ಗದ್ದಲದಲ್ಲಿ, ಅದರಲ್ಲೂ ಚುಚ್ಚುಮದ್ದಾದ ಮೇಲೆ, ಇದನ್ನು ಮಾಡಿಸಬೇಡಿ. ಹಸಿದ, ನಿದ್ದೆಗೆಟ್ಟ, ಜ್ವರ ಬಂದ ಮಗುವಿನ ಅಂಕವನ್ನು ನಂಬುವಂತಿಲ್ಲ. ಕೆಲವು ದಿನ ಬಿಟ್ಟು ಮತ್ತೊಮ್ಮೆ ನೋಡಲೇಬೇಕು.

ಇನ್ನೊಂದು ವಿಷಯವನ್ನು ಶುಶ್ರೂಷಕಿಯರಿಗೆ ಒತ್ತಿ ಹೇಳಿ. ಎಂಟು ಒಂಬತ್ತು ತಿಂಗಳ ಮಗು ಹೊಸಬರು ಎತ್ತಿಕೊಂಡಾಗ ಅತ್ತು ತಾಯಿಯ ಕಡೆ ವಾಲುವುದು ಸಾಮಾನ್ಯವಾಗಿ ಒಳ್ಳೆಯ ಲಕ್ಷಣ. ‘ಯಾರು ಎತ್ತಿಕೊಂಡರೂ ಅಳೋದೇ ಇಲ್ಲ, ಬಲು ಜಾಣ’ ಎಂದು ಎಲ್ಲರೂ ಹೊಗಳುವ ಮಗುವನ್ನೇ ನಾವು ಇನ್ನಷ್ಟು ಹೊತ್ತು ನೋಡಬೇಕಾಗುತ್ತದೆ. ತೊಂದರೆ ಕೊಡುವ ಮಗುವನ್ನು ಮನೆಯವರೇ ಕರೆತರುತ್ತಾರೆ, ತೆಪ್ಪಗಿರುವ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ.

ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ಚಿಕ್ಕಬಳ್ಳಾಪುರ

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ಮನೆಯ ವಿಷಯವನ್ನು ಸೇರಿಸುತ್ತೇನೆ. ಅಮೆರಿಕದ ಝೀರೋ ಟು ತ್ರೀ ಸಂಸ್ಥೆ 2016ರಲ್ಲಿ ಹೊರತಂದ, ಐದು ವರ್ಷದವರೆಗಿನ ಮಕ್ಕಳ ಮಾನಸಿಕ ತೊಂದರೆಗಳ ಡಿಸಿ 0-5 ವರ್ಗೀಕರಣದಲ್ಲಿ ಐದು ನೆಲೆಗಳಿವೆ: ಕಾಯಿಲೆ, ಮಗುವಿನ ಸಂಬಂಧಗಳು, ದೈಹಿಕ ಆರೋಗ್ಯ, ಕುಟುಂಬದ ಒತ್ತಡಗಳು, ಬೆಳವಣಿಗೆಯ ಸಾಮರ್ಥ್ಯ. ತರಬೇತಿಗೆ ಬಂದವರು ಮೊದಲನೆಯದನ್ನು ತುಂಬಿಸಿ ಎರಡನೆಯದನ್ನು ಖಾಲಿ ಬಿಡುತ್ತಾರೆ. ಆದರೆ ಈ ವಯಸ್ಸಿನಲ್ಲಿ ಮಗುವೊಂದನ್ನೇ ಬೇರೆಯಾಗಿಟ್ಟು ನೋಡಿದರೆ ಅರ್ಧವೂ ತಿಳಿಯುವುದಿಲ್ಲ. ಯಾರ ಮಡಿಲಲ್ಲಿದೆ ಎಂಬುದನ್ನು ಸೇರಿಸಿಯೇ ನೋಡಬೇಕು.

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲಿ ನಡೆದು, ಕೆಲವು ತಿಂಗಳಾದ ಮೇಲೆ ತಾಯಿ ಮಗು ಗಂಡನ ಮನೆಗೆ ಬರುತ್ತಾರೆ. ಅಷ್ಟು ದಿನ ಎರೆದು, ತೊಟ್ಟಿಲು ತೂಗಿದ ಅಜ್ಜಿ ಒಮ್ಮೆಲೇ ಕಾಣೆಯಾಗುತ್ತಾಳೆ, ಮುಖಗಳೆಲ್ಲ ಹೊಸವು. ಆ ವಾರಗಳಲ್ಲಿ ಕಂಡ ನಿದ್ದೆಯ, ಅಳುವಿನ ತೊಂದರೆಯನ್ನು ಈ ಹಿನ್ನೆಲೆ ಕೇಳದೆ ಬರೆದುಕೊಳ್ಳಬಾರದು. ಶಿಡ್ಲಘಟ್ಟದ ರೇಷ್ಮೆ ಬಿಚ್ಚಣಿಕೆ ಘಟಕಗಳಿಗೆ ಹೋಗುವ ತಾಯಂದಿರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವವರು ಬೇರೆಯವರು. ತಪಾಸಣೆಗೆ ಅವರನ್ನೂ ಕರೆಸಿ. ಅಪ್ಪನನ್ನು ಬಾಗಿಲ ಹೊರಗೆ ನಿಲ್ಲಿಸುವ ಅಭ್ಯಾಸವಂತೂ ಹೋಗಬೇಕು.

ದೃಷ್ಟಿ ತೆಗೆದದ್ದು, ತಾಯತ ಕಟ್ಟಿಸಿದ್ದು ಗೊತ್ತಾದಾಗ ನಗುವ ವೈದ್ಯರಿದ್ದಾರೆ. ‘ಮೊದಲು ದೃಷ್ಟಿ ತೆಗೆಸಿದ್ದು ಯಾವಾಗ?’ ಎಂದು ಮರ್ಯಾದೆಯಿಂದ ಕೇಳಿದರೆ, ಮನೆಯವರಿಗೆ ಮಗುವಿನ ಬಗ್ಗೆ ಚಿಂತೆ ಆರಂಭವಾದ ಕಾಲ ಬೇರೆ ಯಾವ ಪ್ರಶ್ನೆಗೂ ಸಿಗದಷ್ಟು ಸ್ಪಷ್ಟವಾಗಿ ಸಿಗುತ್ತದೆ.

ತಾಯಿಯ ಖಿನ್ನತೆಯನ್ನು ಕೇಳದೆ ಕೂಸಿನ ಪರಿಶೀಲನೆ ಮುಗಿಯುವುದಿಲ್ಲ. 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಮಾಪನದಲ್ಲಿ ಹತ್ತೇ ಪ್ರಶ್ನೆಗಳಿವೆ, ಕನ್ನಡ ರೂಪವೂ ಇದೆ. ಅತ್ತೆಯ ಎದುರಿನಲ್ಲಿ ಅದನ್ನು ಓದಿಸಬೇಡಿ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ ಹೌದೆಂಬ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಆ ತಾಯಿಯನ್ನು ಅಂದೇ ಮನೋವೈದ್ಯರಿಗೆ ತೋರಿಸುವ ಏರ್ಪಾಡು ಇರಬೇಕು. ಟೆಲಿ ಮಾನಸ್‌ನ 14416 ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಸಂಖ್ಯೆಯನ್ನೂ ಮನೆಯವರಿಗೆ ಕೊಡಿ.

ಥೆರಪಿಸ್ಟ್, ತುಮಕೂರು

ಚಿಕ್ಕದಾಗಿ ಹೇಳುತ್ತೇನೆ. ಮನಸ್ಸಿನ ಮಾತಿಗೆ ಮೊದಲು ಕಿವಿ, ಕಣ್ಣು, ರಕ್ತಹೀನತೆ ಪರೀಕ್ಷೆಯಾಗಿರಲಿ; ಕರೆದರೆ ತಿರುಗದ ಮಗುವಿಗೆ ಕಿವಿಯೇ ಕೇಳಿಸದಿರಬಹುದು. ಅವಧಿಗೆ ಮುನ್ನ ಹುಟ್ಟಿದ್ದರೆ ಎರಡು ವರ್ಷದವರೆಗೆ ವಯಸ್ಸನ್ನು ಸರಿಹೊಂದಿಸಿ ಲೆಕ್ಕ ಹಾಕಬೇಕು. ಎಂ-ಚಾಟ್ ಆಟಿಸಂ ಪ್ರಶ್ನಾವಳಿ 16ರಿಂದ 30 ತಿಂಗಳ ಮಕ್ಕಳಿಗೆ ಮಾತ್ರ ಹೊಂದುತ್ತದೆ. ಮಧ್ಯಮ ಅಂಕ ಬಂದಾಗ ಮಾಡಬೇಕಾದ ಎರಡನೆಯ ಹಂತದ ಸಂದರ್ಶನವನ್ನು ಬಿಟ್ಟು, ನೇರವಾಗಿ ‘ಆಟಿಸಂ’ ಎಂದು ಚೀಟಿ ಬರೆಯುವವರಿಂದ ಎಷ್ಟೋ ಮನೆಗಳು ಸುಮ್ಮನೆ ಕಂಗೆಟ್ಟಿವೆ.

ಮನೋವಿಜ್ಞಾನಿ, ತುಮಕೂರು

ಎಲ್ಲರಿಗೂ ಕೃತಜ್ಞತೆಗಳು. ತರಗತಿ ಮುಗಿದ ಮೇಲೆ ಇವರ ಕೈ ಹಿಡಿದು ನಡೆಸುವುದು ಹೇಗೆ?

ಮಕ್ಕಳ ತಜ್ಞೆ, ಕೋಲಾರ

ತಿಂಗಳಿಗೊಮ್ಮೆ ಸಭೆ ಇಟ್ಟು, ಒಬ್ಬೊಬ್ಬರೂ ಒಂದು ಮಗುವಿನ ವಿಷಯ ತರಲಿ. ಪೋಷಕರ ಲಿಖಿತ ಒಪ್ಪಿಗೆ ಪಡೆದು ತಾಯಿ ಮಗು ಆಡುವ ಐದು ನಿಮಿಷದ ವಿಡಿಯೊ ಇದ್ದರೆ, ಎಲ್ಲರೂ ಬೇರೆ ಬೇರೆಯಾಗಿ ಅಂಕ ಕೊಟ್ಟು ಹೋಲಿಸಬಹುದು. ವಿಡಿಯೊ ವಾಟ್ಸ್ಆ್ಯಪ್ ಗುಂಪಿಗೆ ಹೋಗಕೂಡದು. ಅಂಕಗಳು ಹೊಂದಿಕೊಳ್ಳುವವರೆಗೆ ಯಾರೂ ಒಬ್ಬರೇ ತೀರ್ಮಾನ ಬರೆಯದಿರಲಿ. ಅಳುವ ಕೂಸನ್ನು ದಿನವೂ ನೋಡುವವರಿಗೆ ತಮ್ಮ ಬೇಸರ, ಸಿಟ್ಟು ಹೇಳಿಕೊಳ್ಳಲೂ ಆ ಸಭೆಯಲ್ಲಿ ಅವಕಾಶ ಬೇಕು, ಇಲ್ಲವಾದರೆ ಅದೆಲ್ಲ ತಾಯಿಯ ಮೇಲಿನ ಟೀಕೆಯಾಗಿ ಕಡತ ಸೇರುತ್ತದೆ.

ಗುರುತಿಸಿದ ಮಗುವನ್ನು ಡಿಇಐಸಿಗೋ (ಬೆಳವಣಿಗೆಯ ತೊಂದರೆಗಳಿಗೆ ಬೇಗ ನೆರವು ಕೊಡುವ ಜಿಲ್ಲಾ ಕೇಂದ್ರ), ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಗೋ, ನಿಮ್ಹಾನ್ಸ್‌ಗೋ ಕಳಿಸುವ ದಾರಿ ಮೊದಲ ತರಗತಿಗೆ ಮುನ್ನವೇ ನಿಗದಿಯಾಗಿರಲಿ. ಆರಂಭಕ್ಕೆ ಎಂಟು ಹತ್ತು ಜನ ಸಾಕು. ಪಾವಗಡದ ತಂಡವನ್ನೂ ಸೇರಿಸಿಕೊಳ್ಳುವುದಾದರೆ ತೆಲುಗು ಬಲ್ಲ ಶುಶ್ರೂಷಕಿಯೊಬ್ಬರು ಇರಲೇಬೇಕು, ಏಕೆಂದರೆ ಅಲ್ಲಿನ ಅನೇಕ ತಾಯಂದಿರು ನಮ್ಮೊಡನೆ ಕನ್ನಡ ಮಾತಾಡಿದರೂ ಕೂಸನ್ನು ಮುದ್ದಿಸುವುದು ತೆಲುಗಿನಲ್ಲಿ.