ಅಪ್‌ಡೇಟ್: ಅಯೋವಾದ ನಮ್ಮ ಜಮೀನಿಗೆ ಸರ್ಕಾರಿ ನೆರವು

ಅಮೆರಿಕದ ಅಯೋವಾ ರಾಜ್ಯದ ಹಳ್ಳಿಗಾಡಿನ ಕೌಂಟಿಯಲ್ಲಿ ನಾವು ಕೊಂಡ ಇಳಿಜಾರು ಜಮೀನಿನ ಮಣ್ಣು ಮಳೆಗೆ ಕೊಚ್ಚಿಹೋಗದಂತೆ ತಡೆಯಲು ಸರ್ಕಾರದ ನೆರವು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಅಮೆರಿಕದ ಕೃಷಿ ಇಲಾಖೆಯ ಸೇವಾ ಕೇಂದ್ರದಲ್ಲಿ ಫಾರ್ಮ್ ಸರ್ವಿಸ್ ಏಜೆನ್ಸಿಯೂ ಮಣ್ಣು, ನೀರಿನ ಸಂರಕ್ಷಣೆ ನೋಡಿಕೊಳ್ಳುವ ಎನ್‌ಆರ್‌ಸಿಎಸ್ ಕಚೇರಿಯೂ ಸಾಮಾನ್ಯವಾಗಿ ಒಟ್ಟಿಗೇ ಇರುತ್ತವೆ; ಮೊದಲನೆಯದರಲ್ಲಿ ಜಮೀನಿನ ದಾಖಲೆ ತೋರಿಸಿ ಜಮೀನನ್ನು ಗುರುತಿಸುವ ಫಾರ್ಮ್ ನಂಬರ್ ಮಾಡಿಸಿಕೊಂಡರೆ ಎರಡನೆಯದರ ಅರ್ಜಿ ಮುಂದೆ ಸಾಗುತ್ತದೆ. ಸಂರಕ್ಷಣಾಧಿಕಾರಿಯವರು ನಮ್ಮೊಂದಿಗೆ ಹೊಲ ಸುತ್ತಿ, ನೀರು ಕೊರೆದ ಕೊರಕಲನ್ನು ಟೇಪು ಹಿಡಿದು ಅಳೆದು, ಅಲ್ಲಿ ಹುಲ್ಲು ಬೆಳೆಸಿದ ಅಗಲವಾದ ನೀರುಗಾಲುವೆಯೇ ಸೂಕ್ತವೆಂದರು. ಇಂಥ ಸಂರಕ್ಷಣಾ ಕೆಲಸಗಳಿಗೆ ರೈತರಿಗೆ ಹಣದ ನೆರವು ಕೊಡುವ ಎನ್‌ಆರ್‌ಸಿಎಸ್‌ನ ಇಕ್ವಿಪ್ (EQIP) ಯೋಜನೆಯಡಿ, ಕೃಷಿಗಿಳಿದು 10 ವರ್ಷ ಮೀರದ ಹೊಸ ರೈತರಿಗೆ ಹೆಚ್ಚಿನ ದರದ ನೆರವು ದೊರೆಯುತ್ತದೆ, ಮುಂಗಡವನ್ನೂ ಕೇಳಬಹುದು. ಆದರೆ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಆರಂಭಿಸಿದ ಕೆಲಸಕ್ಕೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲವಾದ್ದರಿಂದ, ದಯವಿಟ್ಟು ಯಾರೂ ಆತುರಪಟ್ಟು ಮಣ್ಣು ಅಗೆಸಬೇಡಿ. ನಮ್ಮ ಅರ್ಜಿ ಈಗ ಶ್ರೇಯಾಂಕ ನಿಗದಿಯ, ಅಂದರೆ ಯಾವ ಅರ್ಜಿಗೆ ಮೊದಲ ಆದ್ಯತೆ ಎಂದು ತೀರ್ಮಾನಿಸುವ ಹಂತದಲ್ಲಿದೆ.