ಕೀಮೋ ಔಷಧಿ ಗಡ್ಡೆಗೆ ತಲುಪಿದ್ದು ಪೆಟ್ ಸ್ಕ್ಯಾನ್‌ನಲ್ಲಿ ಕಾಣುತ್ತದೆಯೇ?

ಪ್ರಶ್ನೆ: ನಮಸ್ಕಾರ ಮೇಡಂ. ಅಮ್ಮನ ಸ್ತನ ಕ್ಯಾನ್ಸರ್ ಯಕೃತ್ತಿಗೂ ಬೆನ್ನುಮೂಳೆಗೂ ಹರಡಿದೆ. ಲೈಪೋಸೋಮಲ್ ಡಾಕ್ಸೊರುಬಿಸಿನ್ ಕೊಡುತ್ತಿದ್ದಾರೆ. ಮೊನ್ನೆಯ ಪೆಟ್ ಸ್ಕ್ಯಾನ್‌ನಲ್ಲಿ ಗಡ್ಡೆಗಳು ಹೊಳೆಯುತ್ತಿದ್ದವು. ಔಷಧಿ ಅಲ್ಲಿಗೆ ಸೇರಿದೆ ಎಂದು ಅರ್ಥವೇ?

ಉತ್ತರ (ನ್ಯೂಕ್ಲಿಯರ್ ಮೆಡಿಸಿನ್ ವೈದ್ಯೆ): ಅಲ್ಲ. ಆ ಹೊಳಪು ಸ್ಕ್ಯಾನ್‌ಗೆ ಮುಂಚೆ ಚುಚ್ಚಿದ, ಸಕ್ಕರೆಯನ್ನು ಹೋಲುವ ವಸ್ತುವಿನದು. ಗಡ್ಡೆಗೆ ಎಷ್ಟು ಹಸಿವಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಅನೇಕ ಮನೆಯವರು ಇದನ್ನೇ ಔಷಧಿ ಎಂದುಕೊಂಡು ಸಮಾಧಾನಪಡುತ್ತಾರೆ, ಇಲ್ಲವೇ ಗಾಬರಿಯಾಗುತ್ತಾರೆ. ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಔಷಧಿಯನ್ನೇ ನೋಡಬೇಕಾದರೆ ಅದನ್ನು ಹೊತ್ತ ಕಣಕ್ಕೇ ವಿಕಿರಣ ಸೂಸುವ ಗುರುತು ಅಂಟಿಸಬೇಕು. ಲೈಪೋಸೋಮ್ ಎಂದರೆ ಔಷಧಿಯನ್ನು ಒಳಗಿಟ್ಟುಕೊಂಡ, ಸುಮಾರು 100 ನ್ಯಾನೋಮೀಟರ್ ಅಗಲದ ಕೊಬ್ಬಿನ ಗುಳ್ಳೆ. ಅಮ್ಮನಿಗೆ ಕೊಡುವಂಥದ್ದು ರಕ್ತದಲ್ಲಿ ದಿನಗಟ್ಟಲೆ ಸುತ್ತುತ್ತದೆ. ಮಾಮೂಲಿ ಪೆಟ್‌ನ ವಿಕಿರಣ ಗುರುತಾದ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧಕ್ಕಿಳಿಯುವುದರಿಂದ ಅಷ್ಟು ಕಾಲ ಜೊತೆಗಿರಲಾರದು. ಸಂಶೋಧಕರು ಸುಮಾರು 12.7 ಗಂಟೆಗೆ ಅರ್ಧವಾಗುವ ತಾಮ್ರ-64, ಇಲ್ಲವೇ ಮೂರು ದಿನಕ್ಕೂ ಮೀರಿ ಬಾಳುವ ಜಿರ್ಕೋನಿಯಂ-89 ಬಳಸುತ್ತಾರೆ.

2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹರ್-2 ಪಾಸಿಟಿವ್ (ಹರ್-2 ಎಂಬ ಪ್ರೋಟೀನ್ ಹೆಚ್ಚಿರುವ) ಸ್ತನ ಕ್ಯಾನ್ಸರ್ ಹರಡಿದ್ದ 19 ಮಂದಿಗೆ, ಆ ಹರ್-2ಗೇ ಅಂಟುವಂತೆ ಮಾಡಿದ ಡಾಕ್ಸೊರುಬಿಸಿನ್ ಲೈಪೋಸೋಮ್‌ಗೆ ತಾಮ್ರ-64 ಅಂಟಿಸಿ ಕೊಟ್ಟರು. ಗಡ್ಡೆಯಿಂದ ಗಡ್ಡೆಗೆ 35 ಪಟ್ಟಿನವರೆಗೆ ವ್ಯತ್ಯಾಸ ಕಂಡಿತು. ಒಬ್ಬರದೇ ದೇಹದಲ್ಲೂ ಒಂದು ಗಡ್ಡೆ ಔಷಧಿಯನ್ನು ಹೆಚ್ಚು ಹೀರಿದರೆ ಇನ್ನೊಂದು ಕಡಿಮೆ ಹೀರಿತು. ಹೆಚ್ಚು ಸೇರಿದವರಿಗೆ ಫಲವೂ ಹೆಚ್ಚು ಕಂಡಿತು. ಆದರೂ ಅಧ್ಯಯನದ ಆ ಔಷಧಿ (ಅಮ್ಮನದಲ್ಲ) ದೊಡ್ಡ ಪ್ರಯೋಗದಲ್ಲಿ ನಿರೀಕ್ಷಿತ ಲಾಭ ತೋರಲಿಲ್ಲ.

ಪ್ರಶ್ನೆ: ಅಮ್ಮನಿಗೂ ಹಾಗೆ ಮಾಡಿಸಬಹುದೇ?

ಉತ್ತರ: ಇದು ಸಂಶೋಧನೆಯಲ್ಲಿದೆ, ದಿನನಿತ್ಯದ ಪರೀಕ್ಷೆಯಲ್ಲ. ಮೇಲಾಗಿ ಅಮ್ಮನಿಗೆ ಹರಡಿರುವ ಎರಡೂ ಜಾಗಗಳು ಕಷ್ಟದವು. ಯಕೃತ್ತು ತಾನೇ ಈ ಕಣಗಳನ್ನು ರಕ್ತದಿಂದ ಸೋಸಿ ಹಿಡಿಯುವುದರಿಂದ ಸುತ್ತಲಿನ ಹೊಳಪಿನಲ್ಲಿ ಗಡ್ಡೆ ಮರೆಯಾಗಬಹುದು. ಕಣದಿಂದ ಕಳಚಿಕೊಂಡ ಜಿರ್ಕೋನಿಯಂ ಮೂಳೆಯಲ್ಲಿ ನೆಲೆಸುತ್ತದೆ. ಅಲ್ಲಿ ಕಂಡದ್ದು ಔಷಧಿಯೋ ಬರಿಯ ಗುರುತೋ ಹೇಳುವುದು ಕಠಿಣ. ಕಣ ತಲುಪಿದ ಮೇಲೂ ಔಷಧಿ ಹೊರಬಂತೇ ಎಂಬುದು ಈ ಚಿತ್ರದಲ್ಲಿ ಕಾಣದು.

ರಕ್ತಹೀನತೆಗೆ ಕೊಡುವ ಕಬ್ಬಿಣದ ನ್ಯಾನೋಕಣ ಫೆರುಮೊಕ್ಸಿಟಾಲ್ ಚುಚ್ಚಿ, ಗಡ್ಡೆ ಇಂಥ ಕಣಗಳನ್ನು ಹೀರುತ್ತದೆಯೇ ಎಂದು ಎಂಆರ್‌ಐನಲ್ಲಿ ಮೊದಲೇ ಅಂದಾಜಿಸುವ ಪ್ರಯತ್ನವೂ ನಡೆದಿದೆ. ವಿಕಿರಣವಿಲ್ಲದ ಈ ದಾರಿಯ ಮೇಲೆ ನನಗೆ ಹೆಚ್ಚು ಭರವಸೆ.

ಸದ್ಯಕ್ಕೆ ಚಿಕಿತ್ಸೆಗೆ ಮುಂಚಿನ ಪೆಟ್ ವರದಿಯನ್ನೂ ಮೊನ್ನೆಯದನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ, ಗಡ್ಡೆಗಳ ಗಾತ್ರ ಮತ್ತು ಹೊಳಪು ಇಳಿದಿದೆಯೇ ಎಂದು ನಿಮ್ಮ ಆಂಕಾಲಜಿಸ್ಟ್ ಅವರನ್ನು ಕೇಳಿ. ಡಾಕ್ಸೊರುಬಿಸಿನ್ ಹೃದಯಕ್ಕೆ ತೊಂದರೆ ಮಾಡಬಲ್ಲದಾದ್ದರಿಂದ ಹೃದಯದ ಎಕೋ ಯಾವಾಗ ಎಂಬುದನ್ನೂ ಅದೇ ಭೇಟಿಯಲ್ಲಿ ವಿಚಾರಿಸಿ.