ಟ್ರೊಮ್ಸೊ–ಲಾಂಗ್‌ಇಯರ್‌ಬೈನ್: ದೂರ ಎಷ್ಟು, ಎಷ್ಟು ಹೊತ್ತು? ಗೊತ್ತಿದ್ದೋರು ಹೇಳಿ

ಕೇಳಿದವರು, ಬಡಗಣ: ನಾರ್ವೆಯ ಟ್ರೊಮ್ಸೊದಿಂದ ಆ ದೇಶಕ್ಕೇ ಸೇರಿದ ಆರ್ಕ್ಟಿಕ್ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಲಾಂಗ್‌ಇಯರ್‌ಬೈನ್‌ಗೆ ಹೋಗ್ಬೇಕು. ಗೋಡೆ ನಕ್ಷೆ ಮೇಲೆ ಸ್ಕೇಲ್ ಇಟ್ರೆ 3,500 ಕಿ.ಮೀ. ಬರುತ್ತೆ, ಟಿಕೆಟ್‌ನಲ್ಲಿ ಒಂದೂಮುಕ್ಕಾಲು ಗಂಟೇನೂ ಇಲ್ಲ. ಯಾವುದು ಸರಿ? ವಾಪಸ್ ಬಂದ ದಿನವೇ ಓಸ್ಲೊಗೆ ಬೇರೆ ಟಿಕೆಟ್ ಮಾಡಿಸಬಹುದಾ?

ನಕ್ಷೆಗಾರ: ಟಿಕೆಟ್ಟೇ ಸರಿ. ನಿಮ್ಮದು ಮರ್ಕೇಟರ್ ನಕ್ಷೆ. ಸಮಭಾಜಕದ ಅಳತೆ ಅಲ್ಲಿ ನಡೆಯಲ್ಲ. 70 ಡಿಗ್ರಿ ಹತ್ರ ಮೂರು ಪಟ್ಟು, 78ರಲ್ಲಿ ಹೆಚ್ಚುಕಮ್ಮಿ ಐದು ಪಟ್ಟು ಹಿಗ್ಗಿರುತ್ತೆ. ಅಕ್ಷಾಂಶ ಹಿಡೀರಿ: 69.68ರಿಂದ 78.25. ವ್ಯತ್ಯಾಸ 8.57, ಡಿಗ್ರಿಗೆ 60ರಂತೆ 514 ನಾಟಿಕಲ್ ಮೈಲಿ (ಒಂದಕ್ಕೆ 1.852 ಕಿ.ಮೀ.). ರೇಖಾಂಶದ ಮೂರೂವರೆ ಡಿಗ್ರಿ ಅಷ್ಟು ಮೇಲೆ ನೂರು ಚಿಲ್ಲರೆ ಕಿ.ಮೀ. ಅಷ್ಟೇ, ಕರ್ಣಕ್ಕೆ ಮೂರು ಮೈಲಿ ಸೇರಿದ್ರೆ ಹೆಚ್ಚು. ಒಟ್ಟು ಸುಮಾರು 960 ಕಿ.ಮೀ. 440 ನಾಟ್‌ನಲ್ಲಿ, ಅಂದ್ರೆ ಗಂಟೆಗೆ 440 ನಾಟಿಕಲ್ ಮೈಲಿ ವೇಗದಲ್ಲಿ, 1 ಗಂಟೆ 10 ನಿಮಿಷ.

ಎದುರುಗಾಳಿ: ಸ್ವಾಮಿ, ವಿಮಾನ ಏನು ಗೇಟಿಂದಲೇ 440 ನಾಟ್‌ನಲ್ಲಿ ಹೊರಡುತ್ತಾ? ಏರೋದು, ಇಳಿಯೋದು, ಗೇಟಿಗೂ ರನ್‌ವೇಗೂ ನಡುವೆ ನೆಲದ ಮೇಲೆ ಓಡೋದು ಸೇರಿ ಇಪ್ಪತ್ತೈದು ನಿಮಿಷ ಹಾಕಿ. 60 ನಾಟ್ ಎದುರುಗಾಳಿ ಇದ್ರೆ ನಿಮ್ಮ 1:10 ಹೋಗಿ 1:22, ಹಿಂದಿನಿಂದ ಬೀಸಿದ್ರೆ 1:02. ವೇಳಾಪಟ್ಟಿಯಲ್ಲಿರೋದು ಗೇಟಿಂದ ಗೇಟಿಗೆ. ಈ ವ್ಯತ್ಯಾಸ ಗೊತ್ತಿಲ್ದೆ ‘ವಿಮಾನ ಬೇಗ ಬಂತು’ ಅಂತ ಚಪ್ಪಾಳೆ ಹೊಡೀತಾರೆ.

ನಕ್ಷೆಗಾರ: ದೂರ ಕೇಳಿದ್ರು, ದೂರ ಹೇಳಿದೆ. ಗಾಳಿ ಪಾಠ ಬೇಡ.

ಓಸ್ಲೊ ನೇರ: ಇಬ್ರೂ ನಿಮಿಷಕ್ಕೆ ಕಿತ್ತಾಡ್ತಿದೀರಿ. ಲಾಂಗ್‌ಇಯರ್‌ಬೈನ್‌ನಲ್ಲಿ ಮಂಜು ಕವಿದ್ರೆ ಏನು ಗತಿ? 1975ರಲ್ಲಿ ತೆರೆದ, ಹೆಪ್ಪುಗಟ್ಟಿದ ನೆಲದ ಮೇಲಿನ ಒಂದೇ ರನ್‌ವೇ, ಎರಡೂವರೆ ಕಿ.ಮೀ.ಗೆ ಸ್ವಲ್ಪ ಕಮ್ಮಿ. ಅಕ್ಕಪಕ್ಕ ಪ್ರಯಾಣಿಕರ ಜೆಟ್ ಇಳಿಯೋ ಜಾಗ ಇನ್ನೊಂದಿಲ್ಲ. ಇಳಿಯೋಕಾಗ್ಲಿಲ್ಲ ಅಂದ್ರೆ ಮತ್ತೆ ನಾರ್ವೆಯ ಮುಖ್ಯ ನೆಲಕ್ಕೇ: ಮೂರು ಗಂಟೆ ಹಾರಿ ಹೊರಟಲ್ಲಿಗೇ ಬಂದು ಕೂತಂಗೆ. ಬೇರೆ ಟಿಕೆಟ್ ಮಾಡಿಸಿದ್ರೆ ಎರಡನೇದರ ದುಡ್ಡು ನೀರಿಗೆ ಹೋದಂಗೇ, ಟ್ರೊಮ್ಸೊದಲ್ಲಿ ರೂಮಿನ ಖರ್ಚು ಮೇಲೆ. ಒಂದೇ ಬುಕಿಂಗ್‌ನಲ್ಲಿ ಓಸ್ಲೊದಿಂದ ನೇರ ಹೋಗಿ. ಸುಮಾರು 2,000 ಕಿ.ಮೀ., ಮೂರು ಗಂಟೆ ಒಳಗೆ.

ಎದುರುಗಾಳಿ: ಓಸ್ಲೊದಿಂದ ಹೋದ್ರೆ ಮಂಜು ಕವಿಯಲ್ವಾ ಸಾರ್? ರನ್‌ವೇ ಅದೇ ತಾನೇ!

ಮೊಹರು: ಅಸಲು ಖರ್ಚು ಯಾರೂ ಹೇಳ್ಲಿಲ್ಲ. ಸ್ವಾಲ್ಬಾರ್ಡ್ ಷೆಂಗೆನ್, ಅಂದ್ರೆ ಯುರೋಪಿನ ಒಂದೇ ವೀಸಾ ವಲಯದ ಒಳಗಿಲ್ಲ. ಅಲ್ಲಿಗೆ ವೀಸಾ ಬೇಡ, ನಿಜ. ಆದ್ರೆ ನಾರ್ವೆಯ ಮುಖ್ಯ ನೆಲ ದಾಟದೆ ಹೋಗೋಕಾಗಲ್ವಲ್ಲ. ಟ್ರೊಮ್ಸೊದಲ್ಲಿ ನಿರ್ಗಮನ ದಾಖಲಾಯ್ತು ಅಂದ್ರೆ ಸಿಂಗಲ್ ಎಂಟ್ರಿ ವೀಸಾ ಮುಗೀತು. ಭಾರತದ ಪಾಸ್‌ಪೋರ್ಟ್‌ನವರು ಡಬಲ್ ಅಥವಾ ಮಲ್ಟಿಪಲ್ ಎಂಟ್ರಿ ಅಂತ ಅರ್ಜಿಯಲ್ಲೇ ಬರೀಬೇಕು. 2024ರ ಜೂನ್‌ನಿಂದ ಶುಲ್ಕ 90 ಯೂರೊ, ತಿರಸ್ಕಾರವಾದ್ರೆ ವಾಪಸ್ ಇಲ್ಲ. ಓಸ್ಲೊದಿಂದ ಟ್ರೊಮ್ಸೊ ಮೇಲೆ ಹೋಗೋ ವಿಮಾನದಲ್ಲೂ ಎಲ್ಲರನ್ನೂ ಇಳಿಸಿ ಪಾಸ್‌ಪೋರ್ಟ್ ನೋಡ್ತಾರೆ. ಕೈಚೀಲ ಸೀಟಲ್ಲಿ ಬಿಡ್ಬೇಡಿ.

ಓಸ್ಲೊ ನೇರ: ಅದಕ್ಕೇ ನೇರ ಹೋಗಿ ಅಂದಿದ್ದು.

ಮೊಹರು: ನೇರ ಹೋದ್ರೂ ಓಸ್ಲೊದಲ್ಲಿ ಅದೇ ನಿರ್ಗಮನ ದಾಖಲಾಗುತ್ತೆ ಮಾರಾಯ್ರೆ. ಓದಿ ಬರೀರಿ.

ನಕ್ಷೆಗಾರ: ಭಾರತದ ಸಂಶೋಧನಾ ಕೇಂದ್ರ ‘ಹಿಮಾದ್ರಿ’ 2008ರಿಂದ ಇರೋದು ಇನ್ನೂ ಮೇಲೆ, ನ್ಯೂ-ಓಲೆಸುಂಡ್‌ನಲ್ಲಿ. ಲಾಂಗ್‌ಇಯರ್‌ಬೈನ್‌ನಿಂದ 110 ಕಿ.ಮೀ., ಪುಟ್ಟ ಡಾರ್ನಿಯರ್‌ನಲ್ಲಿ ಅರ್ಧ ಗಂಟೆ ಒಳಗೆ.

ಎದುರುಗಾಳಿ: ಅದು ಸಂಶೋಧಕರು, ಅಲ್ಲಿನ ಸಿಬ್ಬಂದಿಗೆ ಇರೋ ವಿಮಾನ. ಬಡಗಣ ಅವರು ಅದನ್ನ ಕೇಳಿದ್ರಾ?